ರವೆನ್ನಾದಲ್ಲಿ ಸಮಾಧಿಗಳಿವೆ, ಒಳಗಿರ್ಬೇಕಾದೋರು ಇಲ್ಲ

ಇಟಲಿ ಅಂದ್ರೆ ಎಲ್ರೂ ರೋಮ್, ವೆನಿಸ್, ಫ್ಲಾರೆನ್ಸ್ ಅಂತ ಓಡ್ತಾರೆ, ಟೈಮ್ ಉಳಿದ್ರೆ ಪೀಸಾ ಗೋಪುರಕ್ಕೆ ಕೈ ಕೊಟ್ಟು ಒಂದು ಫೋಟೋ, ಅಲ್ಲಿಗೆ ಮುಗೀತು. ನಮ್ಮ ಪ್ಲಾನೂ ಹೆಚ್ಚುಕಮ್ಮಿ ಹಾಗೇ ಇತ್ತು, ಆದ್ರೆ ಬೊಲೊನ್ಯಾದಲ್ಲಿ ಉಳ್ಕೊಂಡಿದ್ವಲ್ಲ, ಅಲ್ಲಿಂದ ಲೋಕಲ್ ಟ್ರೇನಲ್ಲಿ ಒಂದು ಗಂಟೆ ಚಿಲ್ಲರೆ ಕೂತ್ರೆ ರವೆನ್ನಾ, ಸರಿ ಹತ್ತಿಬಿಟ್ವಿ. ಸ್ಟೇಷನ್ನಿಂದ ಹೊರಗೆ ಬಂದ್ರೆ ಏನೂ ಇಲ್ಲ ಅನ್ಸತ್ತೆ. ಸಪಾಟಾದ ಊರು, ಹ್ಯಾಂಡಲ್‌ಗೆ ತರಕಾರಿ ಚೀಲ ಸಿಕ್ಕಿಸ್ಕೊಂಡು ಸೈಕಲ್ ತುಳೀತಿರೋ ವಯಸ್ಸಾದ ಹೆಂಗಸರು, ಎಲ್ಲಿ ನೋಡಿದ್ರೂ ಬೋಳು ಇಟ್ಟಿಗೆ ಗೋಡೆ. "ಇದಕ್ಕಾ ನನ್ನ ನಿದ್ದೆ ಕೆಡ್ಸಿದ್ದು?" ಅಂದ್ರು ನಮ್ಮೆಜಮಾನ್ರು.

ಆದ್ರೆ ಇದು ಒಂದು ಕಾಲದ ರಾಜಧಾನಿ ಕಣ್ರೀ. ಕ್ರಿ.ಶ. 402ರಲ್ಲಿ ಪಶ್ಚಿಮ ರೋಮನ್ ಚಕ್ರವರ್ತಿ ಹೊನೋರಿಯಸ್ ಮಿಲಾನ್ ಬಿಟ್ಟು ಇಲ್ಲಿಗೆ ಬಂದು ಕೂತ, ಯಾಕಂದ್ರೆ ಸುತ್ತ ಜೌಗು ನೆಲ, ದಂಡೆತ್ತಿ ಬರೋರಿಗೆ ಕಾಲಿಡೋಕೂ ಕಷ್ಟ, ಪಕ್ಕದಲ್ಲೇ ಕ್ಲಾಸೆ ಬಂದರು ಬೇರೆ. 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯನೇ ಬಿತ್ತು, ಆಮೇಲೆ ಓಡೊವಾಕರ್ ಆಳ್ದ, ಅವನನ್ನ 493ರಲ್ಲಿ ಔತಣಕ್ಕೆ ಕರೆದು ಕೊಂದು ಗಾಥ್ ಅನ್ನೋ ಜರ್ಮನಿಕ್ ಬುಡಕಟ್ಟಿನ ರಾಜ ಥಿಯೋಡೊರಿಕ್ ಬಂದ, ಅವನಾದ್ಮೇಲೆ 540ರಲ್ಲಿ ಬೈಜಾಂಟೈನ್‌ನೋರು, ಅಂದ್ರೆ ಪೂರ್ವ ರೋಮನ್ ಸಾಮ್ರಾಜ್ಯದೋರು ಬಂದ್ರು. ಬಂದೋರೆಲ್ಲ ಒಂದೊಂದು ಕಟ್ಟಿ ಹೋಗಿದಾರೆ, ಅಂಥ ಎಂಟು ಕಟ್ಟಡಗಳು 1996ರಿಂದ ಯುನೆಸ್ಕೊ ಪಟ್ಟಿಲಿವೆ.

ಮೊದ್ಲು ಹೋಗಿದ್ದು ಗಲ್ಲಾ ಪ್ಲಾಚಿಡಿಯಾ ಸಮಾಧಿಗೆ. ಈಯಮ್ಮ ಹೊನೋರಿಯಸ್‌ನ ತಂಗಿ, ಮಲತಾಯಿ ಮಗಳು. 410ರಲ್ಲಿ ರೋಮ್ ಲೂಟಿ ಮಾಡಿದ ಗಾಥ್‌ಗಳು ಇವಳನ್ನೂ ಎತ್ಕೊಂಡು ಹೋದ್ರು, ಅವರ ರಾಜನ್ನೇ ಮದುವೆ ಆದ್ಳು, ಅವನು ಸತ್ತ, ವಾಪಸ್ ಬಂದು ಇನ್ನೊಂದು ಮದುವೆ, ಅವನೂ ಸತ್ತ, ಕೊನೆಗೆ ಚಿಕ್ಕ ಮಗನ ಹೆಸರಲ್ಲಿ ಹತ್ತು ವರ್ಷಕ್ಕೂ ಮೇಲೆ ಇವಳೇ ರಾಜ್ಯ ನಡ್ಸಿದ್ಳು. ಕಟ್ಟಡ ಹೊರಗಿಂದ ನೋಡಿದ್ರೆ ಪುಟ್ಟ ಇಟ್ಟಿಗೆ ಮನೆ. ಟಿಕೆಟ್‌ನಲ್ಲೇ ಟೈಮ್ ಹಾಕಿ ಕೊಡ್ತಾರೆ, ಸ್ವಲ್ಪ ಸ್ವಲ್ಪ ಜನನ್ನ ಒಳಗೆ ಬಿಟ್ಟು ಕೆಲವೇ ನಿಮಿಷಕ್ಕೆ ಹೊರಗೆ ಕಳಿಸ್ತಾರೆ. ಒಳಗೆ ಹೋದ ತಕ್ಷಣ ಕತ್ತಲೆ, ಕಿಟಕಿಗೆ ಗಾಜಿಲ್ಲ, ಅಲಬಾಸ್ಟರ್ ಕಲ್ಲಿನ ತೆಳು ಹಲಗೆ, ಅದ್ರಿಂದ ಜೇನುಬಣ್ಣದ ಬೆಳಕು ಸೋರ್ತಿರತ್ತೆ. ಕಣ್ಣು ಹೊಂದ್ಕೊಂಡ ಮೇಲೆ ತಲೆ ಎತ್ತಿದ್ರೆ ಛಾವಣಿ ತುಂಬ ಮೊಸಾಯಿಕ್, ಅಂದ್ರೆ ಬಣ್ಣದ ಪುಟ್ಟ ಚೂರುಗಳನ್ನ ಜೋಡಿಸಿ ಮಾಡಿದ ಚಿತ್ರ, ಕಡುನೀಲಿ ಆಕಾಶ, ತುಂಬ ಚಿನ್ನದ ನಕ್ಷತ್ರ. ನಿದ್ದೆ ಕೆಟ್ಟೋರು ಸುಮ್ಮನಾದ್ರು. ತಮಾಷೆ ಏನಂದ್ರೆ ಆಕೆ ಇಲ್ಲಿಲ್ಲ. 450ರಲ್ಲಿ ರೋಮ್‌ನಲ್ಲಿ ತೀರ್ಕೊಂಡ್ಳು, ಅಲ್ಲೇ ಮಣ್ಣು ಮಾಡಿದ್ರು ಅಂತ ನಂಬಿಕೆ, ಇಲ್ಲಿ ಹೆಸರು ಮಾತ್ರ.

ಅದೇ ಕಾಂಪೌಂಡಲ್ಲಿ ಸಾನ್ ವಿತಾಲೆ ಚರ್ಚ್, ಅದು ಆರನೇ ಶತಮಾನದ್ದು, ಎಂಟು ಮೂಲೆ. ಒಳಗೆ ಮೊಸಾಯಿಕ್ ಚಿತ್ರದಲ್ಲಿ ಬೈಜಾಂಟೈನ್ ಚಕ್ರವರ್ತಿ ಜಸ್ಟಿನಿಯನ್ ಒಂದು ಕಡೆ, ರಾಣಿ ಥಿಯೊಡೋರಾ ಎದುರು ಗೋಡೆಲಿ. ಇಬ್ರೂ ರವೆನ್ನಾಗೆ ಕಾಲೇ ಇಟ್ಟಿಲ್ಲವಂತೆ! ಪಕ್ಕದಲ್ಲಿ ನಿಂತಿರೋ ಬಿಷಪ್ ಮ್ಯಾಕ್ಸಿಮಿಯಾನುಸ್ ಮಾತ್ರ ತನ್ನ ತಲೆ ಮೇಲೆ ಹೆಸರು ಬರೆಸ್ಕೊಂಡಿದಾನೆ, ಬೇರೆ ಯಾರಿಗೂ ಹೆಸರಿಲ್ಲ, ನಮ್ಮ ಊರಿನ ಬ್ಯಾನರ್ ರಾಜಕಾರಣಿಗಳೇ ಬೇಕು ಇದಕ್ಕೆ. ಹತ್ತಿರದಿಂದ ನೋಡಿದ್ರೆ ಚಿನ್ನದ ಚೂರುಗಳು ನೆಟ್ಟಗೆ ಕೂತಿಲ್ಲ, ಒಂದೊಂದೂ ಒಂದೊಂದು ಕಡೆಗೆ ವಾಲಿದೆ. ಎರಡು ಗಾಜಿನ ನಡುವೆ ಚಿನ್ನದ ಹಾಳೆ ಇಟ್ಟು ಮಾಡಿರೋ ಚೂರುಗಳು, ನಾವು ಒಂದು ಹೆಜ್ಜೆ ಪಕ್ಕಕ್ಕೆ ಹೋದ್ರೆ ಮಿಂಚೋ ಜಾಗನೂ ಪಕ್ಕಕ್ಕೆ ಹೋಗತ್ತೆ. ಫೋಟೋದಲ್ಲಿ ಇದು ಬರೋದೇ ಇಲ್ಲ, ಎಷ್ಟು ತೆಗೆದ್ರೂ.

ಆದ್ರೆ ನನಗೆ ಇವತ್ತಿಗೂ ತಲೇಲಿ ಕೂತಿರೋದು ಸಾಂತ್ ಅಪೊಲ್ಲಿನಾರೆ ನುವೊವೊ ಚರ್ಚಿನ ಬಲಗಡೆ ಗೋಡೆ. ಇದು ಥಿಯೋಡೊರಿಕ್ ತನ್ನ ಅರಮನೆಗೆ ಅಂತ ಕಟ್ಟಿಸಿದ್ದು, ಅವನು ಏರಿಯನ್ ಪಂಥದ ಕ್ರಿಶ್ಚಿಯನ್, ಅಂದ್ರೆ ಯೇಸು ದೇವರಿಗೆ ಸರಿಸಮ ಅಲ್ಲ ಅನ್ನೋರು. ಬೈಜಾಂಟೈನ್‌ನೋರು ಬಂದ್ಮೇಲೆ ಚರ್ಚು ಕ್ಯಾಥೊಲಿಕರ ಕೈಗೆ ಹೋಯ್ತು, ಅವರಿಗೆ ಈ ರಾಜನ ಮುಖ ಗೋಡೆ ಮೇಲೆ ಇರೋದು ಬೇಡ. ಅರಮನೆ ಚಿತ್ರ ಹಾಗೇ ಬಿಟ್ಟು, ಕಮಾನುಗಳ ಕೆಳಗೆ ನಿಂತಿದ್ದ ಮನುಷ್ಯರನ್ನ ಮಾತ್ರ ಕಿತ್ತು ಆ ಜಾಗದಲ್ಲಿ ಬಿಳಿ ಪರದೆ ತುಂಬಿದ್ರು, ಚೆನ್ನಾಗಿ ಗಂಟು ಕಟ್ಟಿರೋ ಪರದೆ. ಆದ್ರೆ ಕೆಲವರ ಕೈ ಪಕ್ಕದ ಕಂಬದ ಮೇಲೆ ಚಾಚ್ಕೊಂಡಿತ್ತು, ಕಂಬ ಮುಟ್ಟೋಕೆ ಹೋಗ್ಲಿಲ್ಲ ಅಂತ ಕಾಣತ್ತೆ. ಹಾಗಾಗಿ ಬಿಳಿ ಕಂಬದ ಮೇಲೆ ಒಂದು ಅಂಗೈ, ಬೆರಳು ಬಿಡಿಸ್ಕೊಂಡು, ಮೊಣಕೈ ಹತ್ರ ಕಟ್. ಮೈ ಇಲ್ಲ, ಮುಖ ಇಲ್ಲ. ಸುಮಾರು 1,450 ವರ್ಷದಿಂದ ಅಲ್ಲೇ ಇದೆ. ಕತ್ತು ನೋಯೋವರೆಗೂ ನೋಡಿದೆ. ಪಕ್ಕದ ಗೈಡ್ ಗುಂಪು ಸರಸರ ಮುಂದಕ್ಕೆ ಹೋಯ್ತು, ಅವರಿಗೆ ಶಿಶು ಯೇಸುವನ್ನ ನೋಡೋಕೆ ಬಂದ ಮೂರು ಜ್ಞಾನಿಗಳ ಕೆಂಪು ಟೋಪಿ ನೋಡೋ ಅವಸರ.

ಮಧ್ಯಾಹ್ನ ಪಿಯಾದಿನಾ. ದಪ್ಪ ಚಪಾತಿ ಥರ, ಒಳಗೆ ಸ್ಕ್ವಾಕ್ವೆರೋನೆ ಅನ್ನೋ ಮೆತ್ತನೆ ಚೀಸ್, ಸೊಪ್ಪು. ಸಸ್ಯಾಹಾರಿಗಳು ಕೇಳ್ಕೊಳ್ಳಿ, ಹಿಟ್ಟು ಕಲಸೋಕೆ ಹಂದಿ ಕೊಬ್ಬು ಹಾಕೋದು ಅಲ್ಲಿಯ ರೂಢಿ, ಆಲಿವ್ ಎಣ್ಣೆದು ಬೇಕು ಅಂತ ಬಾಯ್ಬಿಟ್ಟು ಹೇಳ್ಬೇಕು, ಕೊಡ್ತಾರೆ.

ಆಮೇಲೆ ಇಟಲಿಯ ಮಹಾಕವಿ ಡಾಂಟೆಯ ಸಮಾಧಿ. ಹುಟ್ಟಿದೂರು ಫ್ಲಾರೆನ್ಸ್ ಅವನನ್ನ 1302ರಲ್ಲಿ ಗಡೀಪಾರು ಮಾಡ್ತು, 1321ರಲ್ಲಿ ಇಲ್ಲಿ ತೀರ್ಕೊಂಡ. ದೊಡ್ಡ ಹೆಸರಾದ್ಮೇಲೆ ಫ್ಲಾರೆನ್ಸ್‌ನೋರಿಗೆ ಅವನು ವಾಪಸ್ ಬೇಕು ಅನ್ನಿಸ್ತು, 1519ರಲ್ಲಿ ಪೋಪ್ ಹತ್ತಿರ ಪರ್ಮಿಷನ್ ತಗೊಂಡು ಬಂದು ತೆಗೆದು ನೋಡಿದ್ರೆ ಪೆಟ್ಟಿಗೆ ಖಾಲಿ! ಪಕ್ಕದ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಹಿಂದಿನ ಗೋಡೆ ಕೊರೆದು ಮೂಳೆ ಸಾಗಿಸಿದ್ರು. 1865ರಲ್ಲಿ ರಿಪೇರಿ ಮಾಡೋವಾಗ ಗೋಡೆ ಒಳಗಿಂದ ಮರದ ಪೆಟ್ಟಿಗೆಲಿ ಸಿಕ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಮತ್ತೆ ತೋಟದ ಮಣ್ಣಲ್ಲಿ ಹೂತಿಟ್ರು, ಆ ಬಳ್ಳಿ ಮುಚ್ಚಿದ ದಿಬ್ಬ ಈಗ್ಲೂ ಇದೆ. ಸಮಾಧಿಯ ದೀಪಕ್ಕೆ ಎಣ್ಣೆ ಮಾತ್ರ ಪ್ರತಿ ವರ್ಷ ಸೆಪ್ಟೆಂಬರಲ್ಲಿ ಫ್ಲಾರೆನ್ಸೇ ಕಳಿಸ್ಬೇಕು. ಪಕ್ಕದ ಸಾನ್ ಫ್ರಾಂಚೆಸ್ಕೊ ಚರ್ಚಲ್ಲಿ ನೆಲಮಾಳಿಗೆ ಅಂತರ್ಜಲದಲ್ಲಿ ಮುಳುಗಿದೆ, ಕಾಯಿನ್ ಹಾಕಿದ್ರೆ ಲೈಟ್ ಹತ್ತತ್ತೆ, ಹಳೇ ಮೊಸಾಯಿಕ್ ನೆಲದ ಮೇಲೆ ಗೋಲ್ಡ್‌ಫಿಶ್ ಓಡಾಡ್ತಿರತ್ವೆ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ ಆಗತ್ತೆ ಅನ್ಸತ್ತೆ.

ಥಿಯೋಡೊರಿಕ್ ಸಮಾಧಿ ಸ್ವಲ್ಪ ದೂರ, ನಡೆದ್ವಿ. ಮೇಲ್ಛಾವಣಿ ಪೂರ್ತಿ ಒಂದೇ ಕಲ್ಲು, ಅಗಲ ಸುಮಾರು 10 ಮೀಟರ್, ತೂಕ ಇನ್ನೂರು ಟನ್ ಮೇಲೆ, ಸಮುದ್ರದ ಆಚೆ ಇಸ್ಟ್ರಿಯಾದಿಂದ ತಂದಿದ್ದು. ಒಳಗೆ ಕೆಂಗಲ್ಲಿನ ತೊಟ್ಟಿ, ಅದೂ ಖಾಲಿ. "ಈ ಊರಲ್ಲಿ ಯಾರೂ ಅವರವರ ಜಾಗದಲ್ಲಿ ಇರಲ್ವಲ್ಲೇ" ಅಂದ್ರು ನಮ್ಮೋರು.

ಎರಡು ದಿನ ಬಿಟ್ಟು ಫ್ಲಾರೆನ್ಸ್‌ಗೆ ಹೋದ್ವಿ. ಸಾಂತಾ ಕ್ರೋಚೆ ಚರ್ಚಲ್ಲಿ ಡಾಂಟೆಗೆ ಭಾರೀ ಸಮಾಧಿ ಕಟ್ಟಿ ಇಟ್ಟಿದಾರೆ, 1829ರಿಂದ ಹಾಗೇ ಖಾಲಿ. ನಮ್ಮೆಜಮಾನ್ರು ಕೈಲಿದ್ದ ಎಂಟ್ರಿ ಟಿಕೆಟ್ ನೋಡ್ಕೊಂಡು, "ಇಲ್ಲದೇ ಇರೋನ್ನ ನೋಡೋಕೆ ಇಷ್ಟು ದುಡ್ಡಾ, ಇರೋ ಕಡೆ ಫ್ರೀಯಾಗಿ ನೋಡಿ ಬಂದ್ವಲ್ಲೇ" ಅಂದ್ರು.