ವೈದ್ಯರ ಮೇಲೆ ಕ್ರಮ ಆಯ್ತು, ರೋಗಿಗಳ ಗತಿ?

ನಿದ್ದೆ ಮಾತ್ರೆ, ನೋವಿನ ಮಾತ್ರೆಗಳನ್ನು ಬೇಕಾಬಿಟ್ಟಿ ಬರೆದುಕೊಡುವ ವೈದ್ಯರ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಲಿನಿಕ್ ಬಾಗಿಲು ಮುಚ್ಚಿದ ಮೇಲೆ ಅವರ ರೋಗಿಗಳು ಬರುವುದು ನಮ್ಮ ಓಪಿಡಿಗೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿರುವ ನನಗೆ ಈ ಪ್ರಕರಣಗಳು ಕಾಣುವುದೇ ಆ ಕಡೆಯಿಂದ.

ನಿಯಮಕ್ಕೇನೂ ಕೊರತೆಯಿಲ್ಲ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ, ಖಚಿತ ಕಾರಣವಿಲ್ಲದೆ ಸೈಕೋಟ್ರೋಪಿಕ್ ಔಷಧ (ಮನಸ್ಸಿನ ಮೇಲೆ ಪರಿಣಾಮ ಬೀರುವಂಥದ್ದು) ಬರೆಯುವುದು ಗಂಭೀರ ವೃತ್ತಿ ದುರ್ನಡತೆ. ರಾಜ್ಯ ವೈದ್ಯಕೀಯ ಪರಿಷತ್ತು ವೈದ್ಯರ ಅಹವಾಲು ಕೇಳಿ, ಆರು ತಿಂಗಳೊಳಗೆ ತೀರ್ಮಾನಿಸಬೇಕು. ನೋಂದಣಿಯಿಂದ ಹೆಸರನ್ನು ಕೆಲಕಾಲಕ್ಕೋ ಶಾಶ್ವತವಾಗಿಯೋ ತೆಗೆಯಬಹುದು. ವಿಚಾರಣೆ ಮುಗಿಯುವ ಮುನ್ನವೇ, ದೂರಿಗೆ ಕಾರಣವಾದ ಚಿಕಿತ್ಸೆಯನ್ನು ಮುಂದುವರಿಸದಂತೆ ತಡೆಯಲೂಬಹುದು. (2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು, ಹಾಗಾಗಿ 2002ರದ್ದೇ ಉಳಿಯಿತು.) ಇಷ್ಟರಲ್ಲೆಲ್ಲೂ ರೋಗಿಯ ಮುಂದಿನ ಚಿಕಿತ್ಸೆಯ ಮಾತಿಲ್ಲ.

ಒಮ್ಮೆ ಅಜ್ಜಿಯೊಬ್ಬರನ್ನು ಫಿಟ್ಸ್ ಬಂದಿದೆ ಎಂದು ಕರೆತಂದರು. ಎಮರ್ಜೆನ್ಸಿಯಲ್ಲಿ ಸ್ಟ್ರೋಕ್ ಇರಬಹುದೆಂದು ಸಿಟಿ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಯಾವ ಮಾತ್ರೆ ತಗೋತಾರೆ ಅಂತ ಮಗನನ್ನು ಕೇಳಿದೆ.

"ಬಿಪಿದು ಒಂದು ಸಾರ್. ನಿದ್ದೆ ಮಾತ್ರೆ ಇತ್ತು, ಅದೀಗ ಇಲ್ಲ. ಡಾಕ್ಟ್ರು ಕ್ಲಿನಿಕ್ ಮುಚ್ಚಿದ್ರಲ್ಲ, ಶಾಪ್‌ನೋರು ಕೊಡಲ್ಲ ಅಂದ್ರು."

ಆ ನಿದ್ದೆ ಮಾತ್ರೆ ಅಲ್ಪ್ರಜೋಲಾಮ್, ಎಷ್ಟೋ ವರ್ಷದಿಂದ, ದಿನಕ್ಕೆ ಮೂರು ಸಲ. ಇದನ್ನು ದಿಢೀರ್ ಬಿಟ್ಟರೆ ಮೊದಲು ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಬೆವರುತ್ತಾರೆ, ಕೆಲವರಿಗೆ ಫಿಟ್ಸ್. ಜೀವಕ್ಕೂ ಅಪಾಯ. ಹಾಗಾಗಿ ಅದೇ ಗುಂಪಿನ, ಹೆಚ್ಚು ಹೊತ್ತು ಕೆಲಸ ಮಾಡುವ ಡಯಾಜೆಪಾಮ್‌ಗೆ ಬದಲಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತಾ ಬರಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಫೋನಿನಲ್ಲೇ ಬರೆದುಕೊಟ್ಟು ಮುಗಿಸೋಣವೆಂದರೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಎನ್‌ಡಿಪಿಎಸ್ (ಮಾದಕದ್ರವ್ಯ ನಿಯಂತ್ರಣ ಕಾಯ್ದೆ) ಪಟ್ಟಿಯಲ್ಲಿರುವ ಈ ಔಷಧಗಳಿಗೆ ಆ ದಾರಿಯಿಲ್ಲ.

ನನಗೆ ಸೋಜಿಗವೆನಿಸಿದ್ದು ಇಷ್ಟೇ: ವೈದ್ಯರ ವಿರುದ್ಧದ ದೊಡ್ಡ ಸಾಕ್ಷಿ ಮೆಡಿಕಲ್ ಶಾಪಿನ ಎಚ್‌1 ರಿಜಿಸ್ಟರ್. 2014ರ ಮಾರ್ಚ್‌ನಿಂದ ಈ ಔಷಧಗಳಿಗೆ ಪ್ರತ್ಯೇಕ ಪುಸ್ತಕವಿದೆ. ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟದ್ದು, ಎಲ್ಲವೂ ಅದರಲ್ಲಿ. ಮೂರು ವರ್ಷ ಇಟ್ಟುಕೊಳ್ಳಬೇಕು. ಅಂದರೆ ಯಾರಿಗೆ ತುರ್ತಾಗಿ ನಮ್ಮ ಸಹಾಯ ಬೇಕೋ ಅವರ ಪಟ್ಟಿ ಆಗಲೇ ಸಿದ್ಧವಿರುತ್ತದೆ. ಅದು ಕಡತದೊಳಗೆ ಸೇರಿ ಸುಮ್ಮನೆ ಕೂರುತ್ತದೆ.

ಆಮೇಲೆ ನಮ್ಮ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರ್ ಜೊತೆ ಮಾತಾಡಿದೆ. ರೋಗಿಗಳ ಹೆಸರು ಹೊರಗೆ ಹೋಗಬಾರದು, ಅವರ ಆತಂಕ ಸರಿಯೇ. ಕೊನೆಗೆ ಒಪ್ಪಿದ್ದು ಸರಳ ದಾರಿ: ಚೀಟಿ ಹಿಡಿದು ಬಂದವರನ್ನು ಶಾಪಿನವರು ಬರಿಗೈಯಲ್ಲಿ ವಾಪಸ್ ಕಳಿಸದೆ, ನಮ್ಮ ಓಪಿಡಿಯ ದಿನ, ಕೋಣೆ ಸಂಖ್ಯೆ ಬರೆದುಕೊಡುವುದು. "ತಕ್ಷಣ ನಿಲ್ಲಿಸಬೇಡಿ, ಇವತ್ತೇ ಹೋಗಿ" ಎಂದು ಬಾಯಲ್ಲಿ ಹೇಳುವುದು. ಅಮೆರಿಕದಲ್ಲಿ ಓಪಿಯಾಯ್ಡ್ (ಅಫೀಮಿನಂಥ ನೋವಿನ ಮಾತ್ರೆ) ಬರೆದುಕೊಡುವ ಕ್ಲಿನಿಕ್ ಮುಚ್ಚಿಸಿದಾಗ ಆ ರೋಗಿಗಳ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳಲು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಪ್ರತ್ಯೇಕ ಕಾರ್ಯಕ್ರಮವೇ ಇದೆ. ನಮ್ಮದು ಸದ್ಯಕ್ಕೆ ಚೀಟಿಯ ಹಿಂಬದಿಯ ಎರಡು ಸಾಲು.

ಹಾಗೆ ಬಂದವರಲ್ಲಿ ಬಹಳ ಜನ ಹಳೆಯ ಡಾಕ್ಟರನ್ನು ಹೊಗಳುತ್ತಲೇ ಕೂರುತ್ತಾರೆ. "ದೇವ್ರಂಥ ಮನುಷ್ಯ, ಕೇಳಿದ ಕೂಡ್ಲೆ ಬರ್ಕೊಡೋರು" ಅಂತ. ನಾನು ವಾದಕ್ಕೆ ಇಳಿಯುವುದಿಲ್ಲ, ಈ ವಾರ ಎಷ್ಟು ಮಾತ್ರೆ ಉಳಿದಿದೆ ಅಂತ ಕೇಳುತ್ತೇನೆ.