ಸುಲ್ತಾನಪೇಟೆ ಮೆಟ್ಟಿಲು, ನಂದಿ ಬೆಟ್ಟದ ನೀಲಗಿರಿ

ಹೋದ ಭಾನುವಾರ ಮಾಮನ ಜೊತೆ ನಂದಿ ಬೆಟ್ಟಕ್ಕೆ ಹೋಗಿದ್ದೆ, ಕಾರಲ್ಲಿ ಅಲ್ಲ, ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ಕೊಂಡು. ಸೂರ್ಯೋದಯ ನೋಡೋಕೆ ಬೆಂಗಳೂರಿಂದ ಬರೋರೆಲ್ಲ ಬೆಳಗಿನ ಜಾವವೇ ರೋಡಲ್ಲಿ ಸಾಲುಗಟ್ಟಿ ನಿಂತಿರ್ತಾರೆ, ಈ ಕಡೆ ಬಂದ್ರೆ ಬರೀ ಹಕ್ಕಿ ಸದ್ದು. ಚಿಕ್ಕಬಳ್ಳಾಪುರ ಜಿಲ್ಲೇಲಿ ಹುಟ್ಟಿ ಬೆಳೆದೋರು ಒಂದು ಸಲನಾದ್ರೂ ಈ ಬೆಟ್ಟ ಕಾಲಲ್ಲೇ ಹತ್ತಬೇಕು ಅನ್ನೋದು ನನ್ನ ಆಸೆ.

ಮೆಟ್ಟಿಲು ಸಾವಿರದ ಮೇಲಿವೆ. ಕಲ್ಲುಗಳ ನಡುಮಧ್ಯ ತುಳಿದೂ ತುಳಿದೂ ನುಣ್ಣಗಾಗಿ ತಗ್ಗಾಗಿದೆ, ರಾತ್ರಿ ಮಂಜಿನ ನೀರು ಆ ತಗ್ಗಲ್ಲೇ ನಿಂತಿತ್ತು. ಅರ್ಧ ದಾರೀಲಿ ಬಂಡೆ ಸಂದಿಯ ಪೊದೇಲಿ ಒಂದು ಹಳದಿ ಕೊರಳಿನ ಪಿಕಳಾರ ಕಂಡ್ತು, ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ಮಾಮಂಗೆ ತೋರಿಸಿದ್ರೆ ‘ನಮ್ಮ ಗುಟ್ಟೆ ಮೇಲೆ ದಿನಾ ಇರ್ತಾವಲ್ಲೋ’ ಅಂದ್ರು.

ಮೇಲೆ ಹತ್ತಿದ ಮೇಲೆ ಅದೊಂದು ಬೇರೆ ಲೋಕ. ಕೋಟೆ ಗೋಡೆ ಒಳಗೆ ದೊಡ್ಡ ದೊಡ್ಡ ಮರ, ತೋಟಗಾರಿಕೆ ಇಲಾಖೆಯ ಹೂವಿನ ಪಾತಿ, ಟಿಪ್ಪುವಿನ ಬೇಸಿಗೆ ಮನೆ, ನಾಲ್ಕೂ ಕಡೆ ಮೆಟ್ಟಿಲಿರೋ ಅಮೃತ ಸರೋವರ. 1791ರ ಅಕ್ಟೋಬರ್‌ನಲ್ಲಿ ಈ ಕೋಟೆ ಇಂಗ್ಲಿಷರ ಕೈಗೆ ಹೋಯ್ತು, ಆಮೇಲೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯೋಕೆ ಇಲ್ಲೊಂದು ಬಂಗ್ಲೆ ಕಟ್ಟಿಸಿದ್ರು, ಅದೇ ಈಗಿನ ನೆಹರು ನಿಲಯ. ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟಾಗ ವಾರಗಟ್ಟಲೆ ಇದೇ ಬೆಟ್ಟದ ಮೇಲಿದ್ರು, 1936ರಲ್ಲಿ ಮತ್ತೆ ಬಂದ್ರು. 1,478 ಮೀಟರ್ ಎತ್ತರ ಅಲ್ವಾ, ಜನವರಿ ಗಾಳಿಗೆ ಕಿವಿ ಮರಗಟ್ಟುತ್ತೆ, ಮಾಮ ತಲೆಗೆ ಟವಲ್ ಸುತ್ಕೊಂಡ್ಬಿಟ್ರು.

ಮಾಮ ಬಂಗ್ಲೆ ಕಡೆ ತಿರುಗಿಯೂ ನೋಡ್ಲಿಲ್ಲ, ಅವರ ಕಣ್ಣೆಲ್ಲ ನೀಲಗಿರಿ ಮರದ ಮೇಲೆ. ನಮ್ಮ ದೇಶದಲ್ಲಿ ನೀಲಗಿರಿ ಮೊದಲು ಬೇರು ಬಿಟ್ಟಿದ್ದೇ ಈ ಬೆಟ್ಟದಲ್ಲಿ, 1790ರ ಸುಮಾರಿಗೆ ಟಿಪ್ಪು ಆಸ್ಟ್ರೇಲಿಯಾ ಬೀಜ ತರಿಸಿ ಹಾಕಿಸಿದ್ದು ಅಂತ ಅರಣ್ಯದ ಪುಸ್ತಕಗಳಲ್ಲಿ ಬರೆದಿರ್ತಾರೆ. ಇಲ್ಲಿಯ ಮರಗಳ ಬೀಜದಿಂದ ಹಬ್ಬಿದ ತಳಿಗೇ ಮೈಸೂರ್ ಗಮ್ ಅಂತ ಹೆಸರು ಬಂತು, ಆಮೇಲೆ ದೇಶದ ತುಂಬ ಅದೇ ನಾಟಿಯಾಯ್ತು. ಮಾಮ ಒಂದು ಮರದ ಹತ್ರ ಹೋಗಿ ಸುಲಿದು ನೇತಾಡ್ತಿದ್ದ ತೊಗಟೆ ಎಳೆದ್ರು, ಒಳಗೆ ನುಣ್ಣಗೆ, ಬೂದಿ ಬಣ್ಣದ ಮೈ. ಎಲೆ ಹಿಸುಕಿ ಮೂಗಿಗೆ ಹಿಡ್ಕೊಂಡು ಸುಮಾರು ಹೊತ್ತು ಹಂಗೇ ನಿಂತಿದ್ರು.

ಯಾಕಂದ್ರೆ ಮಾಮನ ಮೂರು ಎಕರೆ ಹೊಲದಲ್ಲಿ ಮೊದಲು ರಾಗಿ ಇತ್ತು. ಕೂಲಿ ಆಳು ಸಿಗಲ್ಲ, ಮಳೆ ನಂಬಂಗಿಲ್ಲ ಅಂತ ಎಲ್ಲರ ಹಾಗೆ ಅವರೂ ನೀಲಗಿರಿ ಹಾಕಿದ್ರು. ನೀರು ಹಾಯಿಸಂಗಿಲ್ಲ, ದನ ಮೇಯಲ್ಲ, ಐದಾರು ವರ್ಷಕ್ಕೊಂದು ಸಲ ಕಡಿದು ಲಾರಿಗೆ ಹಾಕಿದ್ರೆ ಕೈಗೆ ದುಡ್ಡು. ಅತ್ತೆಯ ಆಪರೇಷನ್ ಆಗಿದ್ದು ಅದೇ ದುಡ್ಡಲ್ಲಿ, ಹಾಗಾಗಿ ಆ ಮರಾನ ಸುಮ್ಮನೆ ಬೈಯೋಕೆ ನನಗೆ ಮನಸ್ಸು ಬರಲ್ಲ. ಆದರೆ ಅದರ ಬೇರು ಆಳಕ್ಕಿಳಿದು ನೀರು ಹೀರುತ್ತೆ, ಸುತ್ತ ಇನ್ನೊಂದು ಗಿಡ ಏಳಕ್ಕೆ ಬಿಡಲ್ಲ. ಹತ್ತಿರದ ಬಾವಿ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿತು. ನೀಲಗಿರಿ ಒಂದೇ ಕಾರಣ ಅಲ್ಲ, ಕೆರೆ ಮುಚ್ಚಿದ್ದು, ಲೆಕ್ಕವಿಲ್ಲದಷ್ಟು ಬೋರ್ ಕೊರೆಸಿದ್ದು ಎಲ್ಲಾ ಸೇರ್ಕೊಂಡಿದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡ್ತು, ಅಷ್ಟರಲ್ಲಿ ನಮ್ಮ ಕಡೆ ತೋಪಿಲ್ಲದ ಊರೇ ಇರಲಿಲ್ಲ.

ಅರ್ಕಾವತಿ ಹುಟ್ಟೋದು ಇದೇ ಬೆಟ್ಟದಲ್ಲಿ ಅನ್ನೋದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಬೆಂಗಳೂರಿಗೆ ಕುಡಿಯೋ ನೀರು ಕೊಟ್ಟ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಎರಡಕ್ಕೂ ಇದೇ ಹೊಳೆ ಆಧಾರ. ಕೋಟೆ ಗೋಡೆ ಹತ್ರ ನಿಂತು ಕೆಳಗೆ ನೋಡಿದ್ರೆ ದ್ರಾಕ್ಷಿ ಚಪ್ಪರ, ಹೂವಿನ ಪಾಲಿಹೌಸ್, ಹೊಸ ಲೇಔಟ್ ಎಲ್ಲಾ ಕಾಣುತ್ತೆ, ಹೊಳೆ ಎಲ್ಲಿ ಅಂತ ಹುಡುಕಬೇಕು.

ಇಳಿಯುವಾಗ ಮಾಮ ಹೆಚ್ಚು ಮಾತಾಡ್ಲಿಲ್ಲ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರನಿಗೆ ಕೈ ಮುಗಿದು, ಶೃಂಗಿ ತೀರ್ಥದ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅತ್ತೆ ಕಟ್ಟಿಕೊಟ್ಟಿದ್ದ ಅವರೆಕಾಳು ಉಪ್ಪಿಟ್ಟು ತಿಂದು, ಸೀದಾ ಹೊಲಕ್ಕೆ ಹೋದ್ವಿ. ತೋಪು ಕಡಿಸಿ, ಜೆಸಿಬಿಲಿ ಬುಡ ಕೀಳಿಸಿ ಎರಡು ವರ್ಷ ಆಗಿದೆ, ಈಗ ಹೊಂಗೆ, ಮಾವು ಸೊಂಟದೆತ್ತರ ಬಂದಿವೆ. ಬದುವಿನ ಹತ್ರ ಉಳಿದಿದ್ದ ಒಂದು ಬುಡದಿಂದ ಮತ್ತೆ ಕೆಂಪು ಚಿಗುರು ಬಂದಿತ್ತು. ಮಾಮ ಮಚ್ಚು ತಂದು ಸವರಿ ಹಾಕಿ, ಪಕ್ಕದ ಮಾವಿನ ಸಸಿಗೆ ಎರಡು ಕೊಡ ನೀರು ಹಾಕಿದ್ರು.