ಹತ್ತು ದಿನ ತಡವಾಗಿ ಲ್ಯುಟ್ಸೆನ್‌ಗೆ: ರಾಜನ ಪುಣ್ಯತಿಥಿಗೆ ಹೋಗುವವರು ಓದಿ

ಮೊದಲೇ ಹೇಳಿಬಿಡುತ್ತೇನೆ, ನವೆಂಬರ್ 16ಕ್ಕೆ ಹೋಗಬೇಡಿ. 6ಕ್ಕೆ ಹೋಗಿ.

ಸ್ವೀಡನ್ನಿನ ರಾಜ ಗುಸ್ತಾವ್ ಅಡಾಲ್ಫ್ ಯುದ್ಧದಲ್ಲಿ ಸತ್ತದ್ದು 1632ರ ನವೆಂಬರ್ 16 ಅಂತ ನಾನು ಓದಿದ್ದೆ. ಅದನ್ನೇ ನಂಬಿ ಮ್ಯೂನಿಕ್‌ನಿಂದ ಲೈಪ್‌ಜಿಗ್‌ಗೆ ಟಿಕೆಟ್ ಮಾಡಿಸಿ, ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಆ ಯುದ್ಧ ನಡೆದ ಲ್ಯುಟ್ಸೆನ್ ಎಂಬ ಸಣ್ಣ ಊರಿಗೆ ಹೋದರೆ ಒಂದು ನರಪಿಳ್ಳೆ ಇಲ್ಲ. ಸ್ಮಾರಕದ ಹತ್ತಿರ ಬಾಡಿದ ಹೂಮಾಲೆ, ಒದ್ದೆಯಾದ ನೀಲಿ ಹಳದಿ ರಿಬ್ಬನ್ನು. ಕಾರ್ಯಕ್ರಮ ಮುಗಿದು ಹತ್ತು ದಿನ ಆಗಿತ್ತು!

ಆಮೇಲೆ ಗೊತ್ತಾಯಿತು. ಪೋಪ್ ಗ್ರೆಗರಿ 1582ರಲ್ಲಿ ಹೊಸ ಕ್ಯಾಲೆಂಡರ್ ತಂದಾಗ, ಪೋಪ್‌ನನ್ನು ಒಪ್ಪದ ಕ್ರೈಸ್ತರು, ಅಂದರೆ ಪ್ರೊಟೆಸ್ಟೆಂಟರು, ಬೇಡ ಅಂದರು. ಜರ್ಮನಿಯ ಪ್ರೊಟೆಸ್ಟೆಂಟ್ ಸೀಮೆಗಳು ಒಪ್ಪಿಕೊಂಡದ್ದು 1700ರಲ್ಲಿ, ಸ್ವೀಡನ್ 1753ರಲ್ಲಿ. ರಾಜ ಪ್ರೊಟೆಸ್ಟೆಂಟ್, ಹಾಗಾಗಿ ಅವನು ಸತ್ತ ದಿನ ಅವನ ಕಡೆಯವರಿಗೆ 6, ಎದುರಾಳಿ ಕ್ಯಾಥೊಲಿಕರಿಗೆ 16. ನಮ್ಮಲ್ಲಿ ಚಾಂದ್ರಮಾನ ಯುಗಾದಿ ಒಂದು ದಿನ, ಮಂಗಳೂರಿನವರ ಬಿಸು ಇನ್ನೊಂದು ದಿನ ಇಲ್ವಾ, ಹಾಗೆ. ಇವತ್ತಿಗೂ ಅವನ ನೆನಪಿನ ದಿನ ಹಳೆಯ ಲೆಕ್ಕದ 6ರಂದೇ. ಸ್ವೀಡನ್ನಿನಲ್ಲಿ ಅವತ್ತು ಬಾವುಟ ಹಾರಿಸುತ್ತಾರೆ.

ಇನ್ನು ಬಸ್ಸಿನ ಕಥೆ. ಲ್ಯುಟ್ಸೆನ್‌ಗೆ ಈಗ ಪ್ರಯಾಣಿಕರ ರೈಲು ಇಲ್ಲ. ಬಸ್ಸೇ ಗತಿ. ನಾನು ಹೋದದ್ದು ಭಾನುವಾರ, ಜರ್ಮನಿಯ ಸಣ್ಣ ಊರಿನ ಭಾನುವಾರ ಅಂದರೆ ನಮ್ಮ ಕಡೆಯ ಬಂದ್ ದಿನ ಅಂದುಕೊಳ್ಳಿ. ಹೋಗುವಾಗ ಒಂದು ಬಸ್ ಸಿಕ್ಕಿತು. ವಾಪಸ್ ಬರುವಾಗ ಮುಂದಿನ ಬಸ್‌ಗೆ ಎರಡು ಗಂಟೆ ಕಾಯಬೇಕು, ಮಂಜು, ಜಿಟಿಜಿಟಿ ಮಳೆ, ಬೆರಳು ಮರಗಟ್ಟಿದವು, ಕೊನೆಗೆ ಟ್ಯಾಕ್ಸಿ ಕರೆಸಿದೆ. ಫೋನಿನಲ್ಲಿ 45 ಯೂರೋ ಅಂದವನು ಇಳಿಯುವಾಗ 62 ಕೇಳಿದ. ಭಾನುವಾರ ಅಂತೆ, ದೂರದಿಂದ ಬಂದೆ ಅಂತೆ. ಜಗಳ ಆಡುವಷ್ಟು ಜರ್ಮನ್ ನನಗೆ ಬರಲ್ಲ, ಕೊಟ್ಟೆ. ನೀವು ವಾರದ ದಿನ ಹೋಗಿ, ಬರುವ ಬಸ್ಸಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಸ್ಮಾರಕ ಊರಿನ ಹೊರಗೆ, ಲೈಪ್‌ಜಿಗ್ ರಸ್ತೆಯ ಪಕ್ಕ. ಒಂದು ಗುಂಡುಕಲ್ಲು, ಅದರ ಮೇಲೆ 1837ರ ಕಬ್ಬಿಣದ ಮಂಟಪ, ಹಿಂದೆ 1907ರ ಪುಟ್ಟ ಚಾಪೆಲ್. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ಎದುರಿಗೆ ಅಷ್ಟೇನಿಲ್ಲ. ಆದರೆ ಅವತ್ತಿನ ಮಂಜು ನನಗೆ ಉಪಕಾರ ಮಾಡಿತು. ಯುದ್ಧದ ದಿನವೂ ಹೀಗೇ ಮಂಜು ಕವಿದಿತ್ತು. ಮೊದಲೇ ದೂರದ್ದು ಸರಿಯಾಗಿ ಕಾಣದ ರಾಜ, ಮಂಜು ಹೊಗೆಯಲ್ಲಿ ತನ್ನವರಿಂದ ತಪ್ಪಿಸಿಕೊಂಡು ಶತ್ರು ಸವಾರರ ನಡುವೆ ಸಿಕ್ಕಿಬಿದ್ದ. ವಯಸ್ಸು 37. ಹತ್ತು ಮೀಟರ್ ಆಚೆಗಿನ ಮರ ಕಾಣದೆ ನಿಂತಿದ್ದಾಗ ಅದು ಹೇಗಾಗಿರಬಹುದು ಅಂತ ಚೆನ್ನಾಗಿ ಅರ್ಥವಾಯಿತು.

ಹೊಸ ಮ್ಯೂಸಿಯಂ ಮಾತ್ರ ತಪ್ಪಿಸಬೇಡಿ. 2011ರಲ್ಲಿ ಸಿಕ್ಕ ಸಾಮೂಹಿಕ ಗುಂಡಿಯನ್ನು ಮಣ್ಣಿನ ಸಮೇತ ಎತ್ತಿ ತಂದಿದ್ದಾರೆ. 47 ಸೈನಿಕರ ಮೂಳೆಗಳು ಒಂದರ ಮೇಲೊಂದು. ಹೂಳುವ ಮೊದಲು ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಂಡಿದ್ದರು. ರಾಜನ ಹೆಣವನ್ನೂ ಬಿಟ್ಟಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಸ್ವಲ್ಪ ಯೋಚಿಸಿ.

ಊಟಕ್ಕೆ ಲೈಪ್‌ಜಿಗ್‌ಗೆ ಬಂದು ತಿನ್ನಿ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಟರ್ಕಿಯವರ ಅಂಗಡಿ, ನಾಲ್ಕೇ ಟೇಬಲ್. ಬೇಳೆ ಸೂಪ್, ಜೊತೆಗೆ ಎಷ್ಟು ಬೇಕಾದರೂ ಬ್ರೆಡ್, ನಾಲ್ಕೂವರೆ ಯೂರೋ. ಮೇಲೆ ಬೆಣ್ಣೆಯಲ್ಲಿ ಹುರಿದ ಮೆಣಸಿನಪುಡಿ, ಪಕ್ಕದಲ್ಲಿ ನಿಂಬೆಹೋಳು. ಒಗ್ಗರಣೆಗೆ ಸಾಸಿವೆ ಕರಿಬೇವು ಇದ್ದಿದ್ದರೆ ಅಮ್ಮನ ತೊವ್ವೆನೇ! ನಡುಗುತ್ತಾ ಕೂತಿದ್ದವನನ್ನು ನೋಡಿ ಅಂಗಡಿಯಾತ ಕೇಳದೆ ಇನ್ನೊಂದು ಸೌಟು ಹಾಕಿದ, ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ, ಮೇಲೊಂದು ಲೋಟ ಚಹಾ ಬೇರೆ. ಟ್ಯಾಕ್ಸಿಯವನ ಮೇಲಿನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಈ ರಾಜನ ಜಾಡು ಹಿಡಿದು ಸ್ಟಾಕ್‌ಹೋಮ್‌ಗೂ ಹೋಗುವವರಿಗೆ ಎರಡು ಮಾತು. ನಾನು ಹೋಗಿದ್ದು ಹಿಂದಿನ ವರ್ಷದ ಬೇಸಿಗೆಯಲ್ಲಿ. ವಾಸಾ ಹಡಗು ಇವನೇ ಕಟ್ಟಿಸಿದ್ದು, 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿತು, 1961ರಲ್ಲಿ ಮೇಲೆತ್ತಿದರು. ಹಡಗು ಅದ್ಭುತ, ಆದರೆ ಜನ ಅಂದರೆ ಜನ, ನನಗೆ ಆಗಲ್ಲ, ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆ. ಅದಕ್ಕಿಂತ ಅರಮನೆಯ ನೆಲಮಾಳಿಗೆಯ ಮ್ಯೂಸಿಯಂ ನೋಡಿ. ಅಲ್ಲಿ ಅವನ ಕುದುರೆ ಸ್ಟ್ರೈಫ್‌ನ ಚರ್ಮ ತುಂಬಿಸಿ ನಿಲ್ಲಿಸಿದ್ದಾರೆ, ಅವನು ಸಾಯುವಾಗ ಹಾಕಿದ್ದ ಕಡವೆಯಂಥ ಪ್ರಾಣಿಯ ಚರ್ಮದ ಅಂಗಿಯೂ ಇದೆ. ಹಳೆಯ ಗುಂಡೊಂದು ಹೆಗಲಲ್ಲಿ ಉಳಿದಿದ್ದರಿಂದ ಅವನಿಗೆ ಕಬ್ಬಿಣದ ಕವಚ ತೊಡಲು ಆಗುತ್ತಿರಲಿಲ್ಲವಂತೆ. ಶತ್ರುಗಳು ಕಿತ್ತೊಯ್ದ ಆ ಅಂಗಿ ವಿಯೆನ್ನಾದಲ್ಲೇ ಇತ್ತು, ಮೊದಲ ಮಹಾಯುದ್ಧದ ನಂತರ ಸ್ವೀಡನ್ನಿನ ರೆಡ್‌ಕ್ರಾಸ್ ಮಾಡಿದ ಸಹಾಯಕ್ಕೆ ಆಸ್ಟ್ರಿಯಾದವರು 1920ರಲ್ಲಿ ಹಿಂದಿರುಗಿಸಿದರು. ಸಮಾಧಿ ರಿದ್ದಾರ್‌ಹೋಲ್ಮ್ ಚರ್ಚಿನಲ್ಲಿ. ಪ್ರೊಟೆಸ್ಟೆಂಟರಿಗಾಗಿ ಜೀವ ಕೊಟ್ಟವನ ಮಗಳು ಕ್ರಿಸ್ಟಿನಾ ಮುಂದೆ ಸಿಂಹಾಸನ ಬಿಟ್ಟು ಕ್ಯಾಥೊಲಿಕ್ ಆದಳು, ಅವಳ ಸಮಾಧಿ ವ್ಯಾಟಿಕನ್‌ನಲ್ಲಿದೆ!

ಮುಂದಿನ ಸಲ ನಾನು ಲ್ಯುಟ್ಸೆನ್‌ಗೆ ಹೋಗಲ್ಲ, ನವೆಂಬರ್ 6ಕ್ಕೆ ಗೋಥೆನ್‌ಬರ್ಗ್‌ಗೆ ಹೋಗುತ್ತೇನೆ. ಸ್ವೀಡನ್ನಿನಲ್ಲಿ ಅವನೇ ಕಟ್ಟಿದ ಊರು. ಅವತ್ತು ಬೇಕರಿಗಳಲ್ಲಿ ರಾಜನ ಮುಖ ಅಂಟಿಸಿದ ಕೇಕ್ ಮಾರುತ್ತಾರೆ. ತಿಥಿಗೆ ಕೇಕು! ಮೊಟ್ಟೆ ತಿನ್ನದವರು ಮಾತ್ರ ಕೇಳಿ ತೆಗೆದುಕೊಳ್ಳಿ.